ಉರಿಯದ ದ್ರವ ತುಂಬಿದರೆ ಬ್ಯಾಟರಿಯೂ ಉರಿಯುವುದಿಲ್ಲವೇ?

ಪ್ರಶ್ನೆ: ಪೀಣ್ಯದಲ್ಲಿ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳಿಗೆ ಬ್ಯಾಟರಿ ಪ್ಯಾಕ್ ಜೋಡಿಸಿಕೊಡುವ ಸಣ್ಣ ಘಟಕ ನಮ್ಮದು. ಸೆಲ್ ಪೂರೈಸುವವರೊಬ್ಬರು ಈಚೆಗೆ ಬಂದು, ‘ಇದರಲ್ಲಿ ಮಾಮೂಲಿ ಎಲೆಕ್ಟ್ರೊಲೈಟ್ ಇಲ್ಲ ಸಾರ್, ಅಯಾನಿಕ್ ಲಿಕ್ವಿಡ್ ಇದೆ, ಬೆಂಕಿ ಹಿಡಿಯುವ ಮಾತೇ ಇಲ್ಲ’ ಎಂದು ಒಂದು ವಿಡಿಯೊ ತೋರಿಸಿದರು. ಗಾಜಿನ ತಟ್ಟೆಗೆ ಸುರಿದ ದ್ರವಕ್ಕೆ ಲೈಟರ್ ಹಿಡಿದರೂ ಅದು ಹತ್ತಿಕೊಳ್ಳಲಿಲ್ಲ. ಬೆಲೆ ಮಾತ್ರ ಬಹಳ ಜಾಸ್ತಿ. ಇದು ನಿಜವೇ? ನಿಜವಾದರೆ ದೊಡ್ಡ ಕಂಪನಿಗಳು ಯಾಕೆ ಬಳಸುತ್ತಿಲ್ಲ? ಬೆಂಗಳೂರಿನಲ್ಲಿ ಯಾರಾದರೂ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆಯೇ? ಸೆಲ್ ಒಡೆದು ಈ ದ್ರವ ಸೋರಿದರೆ ಏನು ಮಾಡಬೇಕು?

ಉತ್ತರ: ವಿಡಿಯೊ ಸುಳ್ಳಿರಲಾರದು. ಶುದ್ಧ ಅಯಾನಿಕ ದ್ರವಕ್ಕೆ ಲೈಟರ್ ಹಿಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನಮ್ಮ ಲ್ಯಾಬಿಗೆ ಬಂದರೆ ನಾನೂ ತೋರಿಸಬಲ್ಲೆ. ಆದರೆ ನೀವು ಕೊಳ್ಳುತ್ತಿರುವುದು ತಟ್ಟೆಯಲ್ಲಿರುವ ದ್ರವವನ್ನಲ್ಲ, ಪೂರ್ತಿ ಚಾರ್ಜ್ ಆದ ಸೆಲ್ಲನ್ನು. ಅದರ ಒಳಗೆ 130 ಡಿಗ್ರಿ ದಾಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಆ ವಿಡಿಯೊದಲ್ಲಿ ಉತ್ತರವಿಲ್ಲ.

ಮೊದಲು ಇದು ಏನು ಎಂದು ನೋಡೋಣ. ಎಲೆಕ್ಟ್ರೊಲೈಟ್ ಎಂದರೆ ಸೆಲ್ಲಿನ ಎರಡು ಎಲೆಕ್ಟ್ರೋಡ್ ನಡುವೆ, ಅಂದರೆ ಆನೋಡ್ (ಋಣ ತುದಿ) ಮತ್ತು ಕ್ಯಾಥೋಡ್ (ಧನ ತುದಿ) ನಡುವೆ, ಲಿಥಿಯಮ್ ಅಯಾನುಗಳನ್ನು (ವಿದ್ಯುದಾವೇಶ ಹೊತ್ತ ಕಣಗಳನ್ನು) ಸಾಗಿಸುವ ದ್ರವ. ಅಯಾನಿಕ ದ್ರವ ಎಂದರೆ 100 ಡಿಗ್ರಿಗಿಂತ ಕೆಳಗೇ ಕರಗಿ ದ್ರವವಾಗಿರುವ ಲವಣ. ಅಡುಗೆ ಉಪ್ಪು ಕರಗಲು 801 ಡಿಗ್ರಿ ಬೇಕು, ಏಕೆಂದರೆ ಸೋಡಿಯಮ್, ಕ್ಲೋರೈಡ್ ಎರಡೂ ಸಣ್ಣ ಗುಂಡು ಅಯಾನುಗಳು, ಒತ್ತೊತ್ತಾಗಿ ಕೂತು ಗಟ್ಟಿ ಹರಳಾಗುತ್ತವೆ. ಅವುಗಳ ಬದಲಿಗೆ ದೊಡ್ಡ, ಓರೆಕೋರೆ ಆಕಾರದ ಅಯಾನುಗಳನ್ನು ಜೋಡಿಸಿದರೆ ಅವು ನೆಟ್ಟಗೆ ಅಡಕವಾಗಿ ಕೂರಲಾರವು, ಹಾಗಾಗಿ ಕೋಣೆಯ ಉಷ್ಣತೆಯಲ್ಲೂ ದ್ರವವಾಗಿಯೇ ಉಳಿಯುತ್ತವೆ. 1914ರಲ್ಲೇ ಪೌಲ್ ವಾಲ್ಡನ್ ಎಂಬ ರಸಾಯನಶಾಸ್ತ್ರಜ್ಞರು 12 ಡಿಗ್ರಿಗೇ ಕರಗುವ ಎಥೈಲ್ ಅಮೋನಿಯಮ್ ನೈಟ್ರೇಟ್ ಬಗ್ಗೆ ಬರೆದಿದ್ದರು. ಆಗ ಅದನ್ನು ಯಾರೂ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ. ಗಾಳಿಗೂ ತೇವಕ್ಕೂ ಕೆಡದಂಥ ಇಮಿಡಜೋಲಿಯಮ್ ಲವಣಗಳನ್ನು ವಿಲ್ಕ್ಸ್ ಮತ್ತು ಜಾವೊರೊಟ್ಕೊ 1992ರಲ್ಲಿ ಮಾಡಿ ತೋರಿಸಿದ ಮೇಲೆ ಬ್ಯಾಟರಿಯವರ ಕಣ್ಣು ಇತ್ತ ಬಿತ್ತು. ಇಂದು ಬ್ಯಾಟರಿಗೆ ಮುಖ್ಯವಾದವು ಎರಡು ಜಾತಿಯ ಧನ ಅಯಾನುಗಳು: ಇಮಿಡಜೋಲಿಯಮ್ ಮತ್ತು ಪೈರೊಲಿಡಿನಿಯಮ್. ಋಣ ಅಯಾನುಗಳೂ ಎರಡೇ, ಎರಡರಲ್ಲೂ ಗಂಧಕ, ಫ್ಲೋರಿನ್ ಇವೆ: ಟಿಎಫ್‌ಎಸ್‌ಐ ಮತ್ತು ಎಫ್‌ಎಸ್‌ಐ. ಮುಂದೆ ಇವೇ ಹೆಸರುಗಳು ಬರುತ್ತವೆ, ನೆನಪಿಡಿ.

ನಿಮ್ಮ ಮಾಮೂಲಿ ಸೆಲ್ಲಿನಲ್ಲಿ ಇರುವುದು ಎಥಿಲೀನ್ ಕಾರ್ಬೊನೇಟ್, ಡೈಮೀಥೈಲ್ ಕಾರ್ಬೊನೇಟ್‌ನಂಥ ದ್ರಾವಕಗಳಲ್ಲಿ ಕರಗಿಸಿದ ಲಿಥಿಯಮ್ ಹೆಕ್ಸಾಫ್ಲೋರೊಫಾಸ್ಫೇಟ್. ಡೈಮೀಥೈಲ್ ಕಾರ್ಬೊನೇಟಿನ ಆವಿ ಕಿಡಿ ತಾಕಿದರೆ ಹೊತ್ತಿಕೊಳ್ಳಲು 17–18 ಡಿಗ್ರಿ ಸಾಕು. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಬಿಟ್ಟರೆ ಮಿಕ್ಕ ಹೊತ್ತೆಲ್ಲ ಅದಕ್ಕಿಂತ ಬಿಸಿ. ಅಯಾನಿಕ ದ್ರವಕ್ಕೆ ಆವಿಯಾಗುವ ಸ್ವಭಾವವೇ ಇಲ್ಲದಷ್ಟು ಕಡಿಮೆ. ಆವಿಯಿಲ್ಲದ ಮೇಲೆ ಲೈಟರಿನ ಜ್ವಾಲೆ ಹತ್ತಿಕೊಳ್ಳುವುದು ಯಾವುದಕ್ಕೆ? ಇಷ್ಟರ ಮಟ್ಟಿಗೆ ನಿಮ್ಮ ಪೂರೈಕೆದಾರರ ಮಾತು ಸರಿ.

ಆದರೆ ಸೆಲ್ಲಿಗೆ ಬೆಂಕಿ ಬೀಳುವುದು ಹೊರಗಿನ ಕಿಡಿಯಿಂದಲ್ಲ. ಒಳಗೆ ಎಲ್ಲೋ ಶಾರ್ಟ್ ಆಗಿ ಬಿಸಿ ಏರುತ್ತದೆ. 80ರಿಂದ 120 ಡಿಗ್ರಿಯ ಹೊತ್ತಿಗೆ ಆನೋಡಿನ ಗ್ರಾಫೈಟ್ ಮೇಲಿನ ರಕ್ಷಣಾ ಪದರ ಕಳಚುತ್ತದೆ, ಅದರಡಿಯ ಲಿಥಿಯಮ್ ತುಂಬಿದ ಇಂಗಾಲ ಎಲೆಕ್ಟ್ರೊಲೈಟ್ ಜೊತೆ ವರ್ತಿಸಿ ಇನ್ನಷ್ಟು ಬಿಸಿ ಮಾಡುತ್ತದೆ. 130ರ ಆಸುಪಾಸಿನಲ್ಲಿ ಎರಡು ಎಲೆಕ್ಟ್ರೋಡ್ ಒಂದಕ್ಕೊಂದು ತಾಗದಂತೆ ನಡುವೆ ಇಟ್ಟ ಪಾಲಿಎಥಿಲೀನ್ ಹಾಳೆ, ಅಂದರೆ ಸೆಪರೇಟರ್, ಕರಗುತ್ತದೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ, ಅದರಲ್ಲೂ ನಿಕಲ್ ಹೆಚ್ಚಿರುವ ಎನ್‌ಎಂಸಿ ಕ್ಯಾಥೋಡ್ ಆದರೆ 200 ಡಿಗ್ರಿ ಸುಮಾರಿಗೆ ತನ್ನೊಳಗಿನ ಆಮ್ಲಜನಕವನ್ನೇ ಬಿಡತೊಡಗುತ್ತದೆ. ಎಲ್‌ಎಫ್‌ಪಿ (ಲಿಥಿಯಮ್ ಕಬ್ಬಿಣದ ಫಾಸ್ಫೇಟ್ ಕ್ಯಾಥೋಡ್) ಈ ವಿಷಯದಲ್ಲಿ ಬಹಳ ಗಟ್ಟಿ. ಇದಿಷ್ಟರಲ್ಲಿ ಅಯಾನಿಕ ದ್ರವ ತಪ್ಪಿಸುವುದು ಮುಖ್ಯವಾಗಿ ಒಂದನ್ನು: ಕೊನೆಯಲ್ಲಿ ವೆಂಟ್ (ಒತ್ತಡ ಹೆಚ್ಚಿದಾಗ ತೆರೆಯುವ ಕಂಡಿ) ಒಡೆದು ಚಿಮ್ಮುವ, ಉರಿಯುವ ದ್ರಾವಕದ ಆವಿಯನ್ನು. ಅದೇನೂ ಸಣ್ಣ ವಿಷಯವಲ್ಲ, ಪಕ್ಕದ ಸೆಲ್ಲಿಗೆ ಬೆಂಕಿ ಹಬ್ಬುವುದು ಹೆಚ್ಚಾಗಿ ಆ ಜ್ವಾಲೆಯಿಂದಲೇ. ಆದರೆ ಬಿಸಿ ಹುಟ್ಟುವ ಜಾಗ ಇರುವುದು ಎಲೆಕ್ಟ್ರೋಡ್‌ಗಳಲ್ಲಿ, ಅವು ಇದ್ದ ಹಾಗೇ ಇರುತ್ತವೆ.

ಇಲ್ಲೊಂದು ಪ್ರಯೋಗದ ವಿಷಯ ಹೇಳಬೇಕು, ಮಾರಾಟಗಾರರು ಇದನ್ನು ಹೇಳುವುದಿಲ್ಲ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಅವರ ಗುಂಪು 2007ರಲ್ಲಿ ಚಾರ್ಜ್ ಆದ ಎಲೆಕ್ಟ್ರೋಡ್ ವಸ್ತುಗಳನ್ನು ಬೇರೆಬೇರೆ ಅಯಾನಿಕ ದ್ರವಗಳೊಂದಿಗೆ ಶಾಖ ಅಳೆಯುವ ಮುಚ್ಚಿದ ಕ್ಯಾಲೊರಿಮೀಟರ್‌ನಲ್ಲಿಟ್ಟು ನಿಧಾನವಾಗಿ ಕಾಯಿಸಿತು. ಪೈರೊಲಿಡಿನಿಯಮ್ ಟಿಎಫ್‌ಎಸ್‌ಐ ಜಾತಿಯವು ಮಾಮೂಲಿ ದ್ರಾವಕಕ್ಕಿಂತ ಚೆನ್ನಾಗಿ ತಡೆದುಕೊಂಡವು. ಇಮಿಡಜೋಲಿಯಮ್ ಎಫ್‌ಎಸ್‌ಐ ಮಾತ್ರ ಮಾಮೂಲಿ ದ್ರಾವಕಕ್ಕಿಂತಲೂ ಕೆಟ್ಟದಾಗಿ ವರ್ತಿಸಿತು. ತಟ್ಟೆಯಲ್ಲಿ ಲೈಟರ್ ಹಿಡಿದಾಗ ಎರಡೂ ಸುಮ್ಮನಿರುತ್ತವೆ. ಹಾಗಾಗಿ ‘ಅಯಾನಿಕ್ ಲಿಕ್ವಿಡ್ ಇದೆ’ ಎಂಬುದೊಂದೇ ಮಾತಿನಿಂದ ಸುರಕ್ಷತೆಯ ಬಗ್ಗೆ ನಿಮಗೇನೂ ಗೊತ್ತಾಗುವುದಿಲ್ಲ. ಯಾವ ದ್ರವ, ಯಾವ ಎಲೆಕ್ಟ್ರೋಡ್ ಜೊತೆಗೆ ಎಂದು ಕೇಳಲೇಬೇಕು.

ಇನ್ನೊಂದು ಕೇಳಬೇಕಾದ್ದು ಎಷ್ಟು ಎಂಬುದು. ಮಾಮೂಲಿ ಕಾರ್ಬೊನೇಟಿಗೆ ಶೇಕಡಾ ಐದೋ ಹತ್ತೋ ಅಯಾನಿಕ ದ್ರವ ಬೆರೆಸಿದರೂ ಲೇಬಲ್ ಮೇಲೆ ಅದರ ಹೆಸರು ಹಾಕಿಕೊಳ್ಳಲು ಅಡ್ಡಿಯಿಲ್ಲ. ಅಷ್ಟು ಬೆರಕೆಯಿಂದ ಕಾರ್ಬೊನೇಟ್ ಉರಿಯುವುದು ನಿಲ್ಲುವುದಿಲ್ಲ. ವಿಡಿಯೊದಲ್ಲಿ ಸುರಿದದ್ದು ಶುದ್ಧ ದ್ರವವೋ, ನಿಮಗೆ ಮಾರಲಿರುವ ಸೆಲ್ಲಿನಿಂದ ತೆಗೆದದ್ದೋ?

ಈಗ ನಿಮ್ಮ ಎರಡನೇ ಪ್ರಶ್ನೆ, ದೊಡ್ಡ ಕಂಪನಿಗಳು ಯಾಕೆ ಬಳಸುತ್ತಿಲ್ಲ ಎಂಬುದು. ಬೆಲೆ ಎಂದುಬಿಟ್ಟರೆ ಸುಲಭದ ಉತ್ತರ. ನಿಜವಾದ ತೊಡಕು ಲಿಥಿಯಮ್‌ನ ನಡಿಗೆಯಲ್ಲಿದೆ.

ಮಾಮೂಲಿ ಎಲೆಕ್ಟ್ರೊಲೈಟ್ ನೀರಿಗಿಂತ ಮೂರು ನಾಲ್ಕು ಪಟ್ಟು ಮಂದ, ಅಷ್ಟೇ. ಇಮಿಡಜೋಲಿಯಮ್ ಟಿಎಫ್‌ಎಸ್‌ಐ ಸುಮಾರು 35–40 ಪಟ್ಟು. ಲ್ಯಾಬುಗಳಲ್ಲಿ ಎಲ್ಲರೂ ಮೆಚ್ಚುವ ಬ್ಯುಟೈಲ್ ಮೀಥೈಲ್ ಪೈರೊಲಿಡಿನಿಯಮ್ ಟಿಎಫ್‌ಎಸ್‌ಐ ಸುಮಾರು 80–90 ಪಟ್ಟು, ಅಂದರೆ ಕಡಲೆಕಾಯಿ ಎಣ್ಣೆಯಷ್ಟು ಮಂದ. ಅದಕ್ಕೆ ಲಿಥಿಯಮ್ ಲವಣ ಬೆರೆಸಿದಾಗ ಇನ್ನೂ ಮಂದವಾಗುತ್ತದೆ. ವಿದ್ಯುತ್ ವಾಹಕತೆ ಮಾಮೂಲಿ ಎಲೆಕ್ಟ್ರೊಲೈಟಿನಲ್ಲಿ ಸೆಂಟಿಮೀಟರಿಗೆ ಸುಮಾರು 10 ಮಿಲಿಸೀಮನ್ಸ್ ಇದ್ದರೆ, ಈ ದ್ರವದಲ್ಲಿ ಎರಡು ಮೂರು. ಕಾಗದದ ಮೇಲೆ ಅದೂ ತೀರ ಕಡಿಮೆಯೇನಲ್ಲ ಅನ್ನಿಸಬಹುದು. ಆದರೆ ಆ ಎರಡು ಮೂರರಲ್ಲಿ ಲಿಥಿಯಮ್ ಹೊರುವ ಪಾಲೆಷ್ಟು? ದ್ರವವೆಲ್ಲ ಅಯಾನುಗಳೇ ಆದ್ದರಿಂದ ಬಹುಪಾಲು ವಿದ್ಯುತ್ತನ್ನು ಆ ದೊಡ್ಡ ಅಯಾನುಗಳೇ ಹೊತ್ತುಕೊಂಡು ಓಡಾಡುತ್ತವೆ. ಬ್ಯಾಟರಿಗೆ ಅವುಗಳ ಓಡಾಟದಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ಕಾರ್ಬೊನೇಟಿನಲ್ಲಿ ಲಿಥಿಯಮ್‌ನ ಪಾಲು ಮೂರನೇ ಒಂದರಷ್ಟಾದರೂ ಇರುತ್ತದೆ, ಇಲ್ಲಿ ಹತ್ತನೇ ಒಂದು, ಕೆಲವೊಮ್ಮೆ ಅದೂ ಇಲ್ಲ.

ಕಾರಣವೂ ಸ್ವಾರಸ್ಯದ್ದು. ಒಂದು ಲಿಥಿಯಮ್ ಅಯಾನನ್ನು ಎರಡು ಟಿಎಫ್‌ಎಸ್‌ಐಗಳು ತಮ್ಮ ಆಮ್ಲಜನಕದ ತುದಿಗಳಿಂದ ಹಿಡಿದುಕೊಳ್ಳುತ್ತವೆ. ಒಂದು ಧನ, ಎರಡು ಋಣ, ಒಟ್ಟು ಕೂಟ ಋಣವಾಯಿತು. ಧನ ಅಯಾನು ಯಾವ ಕಡೆ ಹೋಗಬೇಕೋ ಅದರ ವಿರುದ್ಧ ದಿಕ್ಕಿಗೆ ಈ ಕೂಟ ಎಳೆದುಕೊಂಡು ಹೋಗುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಲಿಥಿಯಮ್ ಹಿಮ್ಮುಖವಾಗಿ ಚಲಿಸುವುದನ್ನು ನೇರವಾಗಿ ಅಳೆದದ್ದೂ ಇದೆ. ಚಾರ್ಜ್ ಮಾಡುವಾಗ ಲಿಥಿಯಮ್ ಕೊನೆಗೂ ಆನೋಡ್ ತಲುಪುವುದು ಸಾಂದ್ರತೆಯ ವ್ಯತ್ಯಾಸದ ನೂಕಿನಿಂದ. ನಿಧಾನವಾಗಿ ಚಾರ್ಜ್ ಮಾಡಿದರೆ ಕೆಲಸ ನಡೆಯುತ್ತದೆ. ಒಂದು ಗಂಟೆಯಲ್ಲಿ ತುಂಬಿಸಲು ಹೋದರೆ ಆನೋಡ್ ಬಳಿ ಲಿಥಿಯಮ್ ಖಾಲಿಯಾಗಿ, ಸೆಲ್ ತುಂಬುವ ಮೊದಲೇ ವೋಲ್ಟೇಜ್ ಏರಿ ಮಿತಿ ಮುಟ್ಟಿಬಿಡುತ್ತದೆ.

ಇದಕ್ಕೊಂದು ವಿಚಿತ್ರ ಪರಿಹಾರವೂ ಸಿಕ್ಕಿದೆ. ಲಿಥಿಯಮ್ ಲವಣವನ್ನು ಕಡಿಮೆ ಮಾಡುವ ಬದಲು ಸಿಕ್ಕಾಪಟ್ಟೆ ಹೆಚ್ಚಿಸುವುದು. ಆಸ್ಟ್ರೇಲಿಯಾದ ಮೊನಾಶ್ ಮತ್ತು ಡೀಕಿನ್ ವಿಶ್ವವಿದ್ಯಾಲಯಗಳ ಸಂಶೋಧಕರು ಎಫ್‌ಎಸ್‌ಐ ದ್ರವದಲ್ಲಿ ಕಿಲೋಗ್ರಾಮಿಗೆ 3.2 ಮೋಲ್‌ನಷ್ಟು ಲಿಥಿಯಮ್ ಲವಣ ಕರಗಿಸಿದರು. ದ್ರವ ಇನ್ನೂ ಗಟ್ಟಿಯಾಯಿತು, ಆದರೂ ಸೆಲ್ ವೇಗವಾಗಿ ಕೆಲಸ ಮಾಡಿತು. ಲಿಥಿಯಮ್ ದಟ್ಟವಾದಾಗ ಅದು ತನ್ನ ಕೂಟ ಹೊತ್ತು ಈಜುವುದನ್ನು ಬಿಟ್ಟು ಒಂದು ಋಣ ಅಯಾನಿನಿಂದ ಇನ್ನೊಂದಕ್ಕೆ ಜಿಗಿಯತೊಡಗುತ್ತದೆ ಎನ್ನುವುದು ಅದರ ವಿವರಣೆ. ಈ ಕ್ಷೇತ್ರದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆ.

ಲೇಖನಗಳಲ್ಲಿ ಬರುವ ಚೆಂದದ ಗ್ರಾಫುಗಳನ್ನು ನೋಡುವಾಗ ಒಂದು ವಿವರದ ಮೇಲೆ ಕಣ್ಣಿಡಿ. ಅಯಾನಿಕ ದ್ರವ ಮಾಮೂಲಿ ಪಾಲಿಎಥಿಲೀನ್ ಸೆಪರೇಟರನ್ನು ಸರಿಯಾಗಿ ನೆನೆಸುವುದೇ ಇಲ್ಲ, ಹನಿ ಹಾಕಿದರೆ ಮಣಿಯಂತೆ ಮೇಲೆಯೇ ಕೂರುತ್ತದೆ. ಆದ್ದರಿಂದ ಲ್ಯಾಬಿನವರು ಗುಂಡಿಯಂಥ ಕಾಯಿನ್ ಸೆಲ್ಲಿಗೆ ಗಾಜಿನ ನಾರಿನ ಫಿಲ್ಟರ್ ಕತ್ತರಿಸಿ ಹಾಕುತ್ತಾರೆ. ಅದರ ದಪ್ಪ 260 ಮೈಕ್ರಾನ್ ಅಥವಾ ಅದಕ್ಕೂ ಹೆಚ್ಚು. ನಿಮ್ಮ ಕೊಳವೆಯಾಕಾರದ 18650 ಸೆಲ್ಲಿನ ಸೆಪರೇಟರ್ 20 ಮೈಕ್ರಾನ್ ಆಸುಪಾಸು. ಹತ್ತು ಪಟ್ಟು ದಪ್ಪದ ಸೆಪರೇಟರ್, ಅದು ಹೀರುವಷ್ಟು ಧಾರಾಳ ದ್ರವ, ಮೇಲೆ 60 ಡಿಗ್ರಿ ಬಿಸಿ, ಹತ್ತು ಇಪ್ಪತ್ತು ಗಂಟೆಗೊಮ್ಮೆ ಚಾರ್ಜ್: ಇಷ್ಟು ಅನುಕೂಲ ಮಾಡಿಕೊಟ್ಟರೆ ಬಹಳಷ್ಟು ಎಲೆಕ್ಟ್ರೊಲೈಟ್‌ಗಳು ನೂರಾರು ಸೈಕಲ್ ಓಡುತ್ತವೆ. ಲೇಖನ ಸುಳ್ಳಲ್ಲ, ಆದರೆ ಅದರಿಂದ ಸ್ಕೂಟರ್ ಓಡುವುದಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ಅದು ಎಲ್ಲಿ ಸೇರಿಕೊಳ್ಳುತ್ತದೆ ಎಂದು ತಿಳಿಯಲು ತಯಾರಿಕೆಯನ್ನು ಒಮ್ಮೆ ನೋಡಿದರೆ ಸಾಕು. ಮೀಥೈಲ್ ಇಮಿಡಜೋಲ್‌ಗೆ ಬ್ರೋಮೊಎಥೇನ್ ಸೇರಿಸಿದರೆ ಬ್ರೋಮೈಡ್ ಲವಣ ಸಿಗುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಲಿಥಿಯಮ್ ಟಿಎಫ್‌ಎಸ್‌ಐ ಹಾಕಿದ ಕೂಡಲೇ ಪಾತ್ರೆ ಹಾಲಿನಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿನಲ್ಲಿ ಎರಡು ಪದರವಾಗಿ ಬೇರೆಯಾಗುತ್ತದೆ. ಕೆಳಗಿನ ಭಾರದ ಪದರವೇ ಅಯಾನಿಕ ದ್ರವ. ಇಲ್ಲಿಯವರೆಗೆ ಕಾಲೇಜು ಹುಡುಗರೂ ಮಾಡುತ್ತಾರೆ. ಆಮೇಲಿನದು ತಾಳ್ಮೆಯ ಕೆಲಸ. ಬ್ರೋಮೈಡ್ ಉಳಿದಿದ್ದರೆ ಸೆಲ್ ಕೆಡುತ್ತದೆ, ಹಾಗಾಗಿ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಪ್ರತಿ ಸಲ ತೊಳೆದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು, ಅದು ಮಸುಕಾಗದೆ ತಿಳಿಯಾಗಿ ನಿಲ್ಲುವವರೆಗೆ ಬಿಡುವಂತಿಲ್ಲ. ದ್ರವಕ್ಕೆ ಹಳದಿ ಛಾಯೆ ಇದ್ದರೆ ಆಕ್ಟಿವೇಟೆಡ್ ಚಾರ್ಕೋಲ್ ಹಾಕಿ ಸೋಸಬೇಕು, ಶುದ್ಧವಾದದ್ದಕ್ಕೆ ಬಣ್ಣವಿರುವುದಿಲ್ಲ. ಕೊನೆಗೆ ನಿರ್ವಾತದಲ್ಲಿ 80–100 ಡಿಗ್ರಿಗೆ ಕಾಯಿಸಿ ನೀರಿನ ಅಂಶವನ್ನು ದಶಲಕ್ಷಕ್ಕೆ 20 ಭಾಗಕ್ಕಿಂತ ಕೆಳಗಿಳಿಸಬೇಕು. ನೀರಿನಲ್ಲಿ ಬೆರೆಯದ ದ್ರವವೇ ಆದರೂ ಗಾಳಿಯ ತೇವವನ್ನು ಹೀರುವುದರಲ್ಲಿ ಇದು ಎತ್ತಿದ ಕೈ. ಜುಲೈ ತಿಂಗಳ ಬೆಂಗಳೂರಿನಲ್ಲಿ ಮುಚ್ಚಳ ತೆರೆದಿಟ್ಟು ಟೀ ಕುಡಿದು ಬಂದರೆ ಹಿಂದಿನ ರಾತ್ರಿಯ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಹೊರಗಿನ ಗಾಳಿ ಸೇರದ ಪೆಟ್ಟಿಗೆ) ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದು ಪ್ರಯೋಜನವಿಲ್ಲದ್ದು ಎಂದು ತಿಳಿಯಬೇಡಿ. ನಮ್ಮ ಹವೆಗೆ ಇದರಲ್ಲಿ ಒಂದು ಅನುಕೂಲವಿದೆ, ಅದನ್ನು ಯುರೋಪಿನವರು ಅಷ್ಟಾಗಿ ಎಣಿಸುವುದಿಲ್ಲ. ಅವರ ಚಿಂತೆ ಮೈನಸ್ 20ರದು, ಅಲ್ಲಿ ಅಯಾನಿಕ ದ್ರವ ಅಂಟಾಗುತ್ತದೆ, ಕೆಲವು ಹೆಪ್ಪುಗಟ್ಟುತ್ತವೆ. ನಮ್ಮ ಚಿಂತೆ ಬಿಸಿಲಿನದು. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ, ಕಲಬುರಗಿ ರಾಯಚೂರಿನ ಕಥೆ ಕೇಳುವುದೇ ಬೇಡ. ಬಿಸಿಲಲ್ಲಿ ನಿಂತ ವಾಹನದ ಪ್ಯಾಕ್ 50 ಡಿಗ್ರಿ ಸಮೀಪಿಸಿದರೆ ಮಾಮೂಲಿ ಹೆಕ್ಸಾಫ್ಲೋರೊಫಾಸ್ಫೇಟ್ ಲವಣ ಬೇಗ ಬೇಗ ಕೆಡುತ್ತದೆ, ಇದ್ದ ಚೂರು ತೇವದ ಜೊತೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವನ್ನೂ ಮಾಡುತ್ತದೆ. ಅಯಾನಿಕ ದ್ರವ ಆ ಬಿಸಿಯಲ್ಲಿ ತೆಳುವಾಗಿ ಇನ್ನೂ ಚುರುಕಾಗುತ್ತದೆ. ಡಿಸೆಂಬರಿನ 15 ಡಿಗ್ರಿಯಲ್ಲಿ ಮಾತ್ರ ಅದರ ಮಂದತೆ 25 ಡಿಗ್ರಿಯಲ್ಲಿದ್ದುದಕ್ಕಿಂತ ಒಂದೂವರೆ ಪಟ್ಟು ದಾಟುತ್ತದೆ, ಅದನ್ನು ಮರೆಯುವಂತಿಲ್ಲ. ಟೆಲಿಕಾಂ ಟವರಿನ ಬ್ಯಾಟರಿ, ಸೌರ ವಿದ್ಯುತ್ ಸಂಗ್ರಹದಂಥ, ನಿಧಾನವಾಗಿ ತುಂಬಿ ನಿಧಾನವಾಗಿ ಖಾಲಿಯಾಗುವ ಕಡೆ ಇದು ಹೊಂದೀತು. ಸ್ಕೂಟರ್ ಅದಕ್ಕೆ ತೀರ ವಿರುದ್ಧವಾದ ಕೆಲಸ.

ಬಾಹ್ಯಾಕಾಶದಲ್ಲಿ ಇದು ಆಗಲೇ ಹಾರಿದೆ. 2014ರಲ್ಲಿ ಕಕ್ಷೆಗೆ ಹೋದ ಜಪಾನಿನ ಹೊದೊಯೊಶಿ-3 ಎಂಬ ಪುಟ್ಟ ಉಪಗ್ರಹದಲ್ಲಿ ಇಮಿಡಜೋಲಿಯಮ್ ಎಫ್‌ಎಸ್‌ಐ ತುಂಬಿದ ಲಿಥಿಯಮ್ ಅಯಾನ್ ಬ್ಯಾಟರಿಯನ್ನು ಪರೀಕ್ಷಿಸಿದರು. ನಿರ್ವಾತದಲ್ಲಿ ಮಾಮೂಲಿ ಪೌಚ್ (ಚೀಲದಂಥ) ಸೆಲ್ ಊದಿಕೊಳ್ಳುತ್ತದೆ ಎಂದು ಗಟ್ಟಿ ಕವಚದೊಳಗೆ ಇಡಬೇಕಾಗುತ್ತದೆ. ಆವಿಯಾಗದ ದ್ರವಕ್ಕೆ ಆ ಕವಚದ ಹಂಗಿಲ್ಲ. ಗ್ರಾಂ ಗ್ರಾಂ ಲೆಕ್ಕ ಹಾಕುವ ಕಡೆ ಅದು ದೊಡ್ಡ ಉಳಿತಾಯ. ಘನ ಪಾಲಿಮರ್ ಬ್ಯಾಟರಿಗಳಲ್ಲೂ ಇದಕ್ಕೆ ಸ್ಥಾನವಿದೆ: ಪಾಲಿಎಥಿಲೀನ್ ಆಕ್ಸೈಡ್ ಹಾಳೆ 60 ಡಿಗ್ರಿ ದಾಟಿದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ, ಅದಕ್ಕೆ ಪೈರೊಲಿಡಿನಿಯಮ್ ದ್ರವ ಊಡಿಸಿದರೆ ಇನ್ನಷ್ಟು ಕೆಳಗಿನ ಉಷ್ಣತೆಯಲ್ಲೂ ನಡೆಯುತ್ತದೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊಂಗ್‌ಜಿ ದಾಯ್ ಗುಂಪು ಸುದ್ದಿ ಮಾಡಿದ, ಒಂದು ನಿಮಿಷದಲ್ಲಿ ಚಾರ್ಜ್ ಆಗುವ ಅಲ್ಯೂಮಿನಿಯಮ್ ಬ್ಯಾಟರಿಯಲ್ಲಿ ಇದ್ದದ್ದೂ ಅಯಾನಿಕ ದ್ರವವೇ. ಅದರಲ್ಲಿನ ಕ್ಲೋರೈಡ್ ಎಷ್ಟು ಕೊರೆಯುತ್ತದೆಂದರೆ ಮಾಮೂಲಿ ಉಕ್ಕಿನ ಕವಚ ತಾಳುವುದಿಲ್ಲ, ಶಕ್ತಿ ಸಾಂದ್ರತೆಯೂ ಕಡಿಮೆ.

ಬೆಂಗಳೂರಿನ ಬಗ್ಗೆ ಕೇಳಿದ್ದೀರಿ. ಇಲ್ಲಿ ಕಥೆ ಎಲೆಕ್ಟ್ರೊಲೈಟ್ ಬಿಟ್ಟು ಎಲೆಕ್ಟ್ರೋಡ್ ಕಡೆ ಹೊರಳುತ್ತದೆ, ನನಗೆ ಹೆಚ್ಚು ಇಷ್ಟವಾದ ಭಾಗವೂ ಅದೇ. ಫ್ರಾನ್ಸಿನ ಜ್ಯಾನ್ ಮರಿ ಟಾರಾಸ್ಕನ್ ಅವರ ಗುಂಪು ಕ್ಯಾಥೋಡ್ ಪುಡಿಗಳನ್ನು ಕುಲುಮೆಯ ಬದಲು ಅಯಾನಿಕ ದ್ರವದಲ್ಲಿ ಬೇಯಿಸಲು ಹೊರಟಿತು. 2010ರಲ್ಲಿ ಲಿಥಿಯಮ್ ಕಬ್ಬಿಣದ ಫ್ಲೋರೊಸಲ್ಫೇಟ್ ಎಂಬ 3.6 ವೋಲ್ಟಿನ ವಸ್ತು ಹಾಗೆ ಹುಟ್ಟಿತು. ಅದನ್ನು ನೀರಿನಲ್ಲಿ ಮಾಡೋಣವೆಂದರೆ ಕರಗಿಹೋಗುತ್ತದೆ, ಕುಲುಮೆಯಲ್ಲಿ ಹೆಚ್ಚು ಕಾಯಿಸಿದರೆ ಒಡೆದುಹೋಗುತ್ತದೆ. ನೀರನ್ನು ದೂರವಿಡುವ ಟಿಎಫ್‌ಎಸ್‌ಐ ದ್ರವದಲ್ಲಿ 300 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿದಾಗ ಕಬ್ಬಿಣದ ಸಲ್ಫೇಟ್ ತನ್ನೊಳಗಿನ ನೀರನ್ನು ನಿಧಾನವಾಗಿ ಬಿಟ್ಟುಕೊಟ್ಟಿತು, ಆ ಖಾಲಿ ಜಾಗಕ್ಕೆ ಲಿಥಿಯಮ್, ಫ್ಲೋರಿನ್ ಬಂದು ಕೂತವು. ಮರುವರ್ಷ ಅದೇ ಕುಟುಂಬದಲ್ಲಿ ಮ್ಯಾಂಗನೀಸ್ ಬೆರೆಸಿ 3.9 ವೋಲ್ಟ್ ಮುಟ್ಟಿದ ಕೆಲಸದಲ್ಲಿ ಮುಂದಾಗಿದ್ದವರು ಪ್ರಬೀರ್ ಬರ್ಪಂಡ. ನಂತರ ಅವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಬ್ಯಾಟರಿ ವಸ್ತುಗಳ ಪ್ರಯೋಗಾಲಯ ಕಟ್ಟಿದರು. ತಮಾಷೆಯೆಂದರೆ, ಮೊದಲಿನ 3.6 ವೋಲ್ಟಿನ ವಸ್ತುವನ್ನು ಅಗ್ಗದ ಗ್ಲೈಕಾಲ್‌ನಲ್ಲೂ ಮಾಡಬಹುದು ಎಂದು ಕೆನಡಾದ ಲಿಂಡಾ ನಜಾರ್ ಗುಂಪು ಅದೇ 2010ರಲ್ಲಿ ತೋರಿಸಿಬಿಟ್ಟಿತು. ಅಯಾನಿಕ ದ್ರವ ದಾರಿ ತೋರಿಸಿತು, ಆ ದಾರಿಯಲ್ಲಿ ನಡೆಯಲು ಅದೇ ಬೇಕೆಂದಿರಲಿಲ್ಲ. ಈ ಕ್ಷೇತ್ರದಲ್ಲಿ ಹೀಗಾಗುವುದು ಅಪರೂಪವಲ್ಲ. ಸಂಸ್ಥೆಯ ಸಾಲಿಡ್ ಸ್ಟೇಟ್ ಕೆಮಿಸ್ಟ್ರಿ ಘಟಕದಲ್ಲಿ ಜೆಲ್ ಮತ್ತು ಮೆತ್ತನೆಯ ಘನ ಎಲೆಕ್ಟ್ರೊಲೈಟ್‌ಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸೋಡಿಯಮ್ ಅಯಾನ್ ವಸ್ತುಗಳ ಮೇಲೆ.

ಈಗ ನಿಮ್ಮ ವ್ಯವಹಾರ. ನಾನು ನಿಮ್ಮ ಜಾಗದಲ್ಲಿದ್ದರೆ ಪೂರೈಕೆದಾರರನ್ನು ಮೊದಲು ಸೆಲ್ಲಿನ ಐಎಸ್ 16893 (ಸೆಲ್ ಪರೀಕ್ಷೆಯ ಭಾರತೀಯ ಮಾನಕ) ಪರೀಕ್ಷಾ ವರದಿ ಕೇಳುತ್ತೇನೆ. 2022ರ ಬೆಂಕಿ ಪ್ರಕರಣಗಳ ಮೇಲೆ ಬಿಗಿಯಾದ, ವಾಹನದ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮದ ಪ್ರಕಾರ ಅದು ಹೇಗೂ ಬೇಕೇ ಬೇಕು. ಆಮೇಲೆ ಎಲೆಕ್ಟ್ರೊಲೈಟಿನಲ್ಲಿ ಅಯಾನಿಕ ದ್ರವ ಶೇಕಡಾ ಎಷ್ಟು, ಯಾವ ಅಯಾನುಗಳು, ಯಾವ ಕ್ಯಾಥೋಡ್ ಎಂದು ಬರೆದು ಕೊಡಲು ಹೇಳುತ್ತೇನೆ. 15 ಡಿಗ್ರಿಯಲ್ಲೂ 45 ಡಿಗ್ರಿಯಲ್ಲೂ ಒಂದು ಗಂಟೆಯ ಚಾರ್ಜ್ ಡಿಸ್ಚಾರ್ಜ್ ಕರ್ವ್ ಕೇಳುತ್ತೇನೆ. ಸೆಲ್ಲಿನ ತೂಕವನ್ನೂ ನೋಡುತ್ತೇನೆ, ಏಕೆಂದರೆ ಈ ದ್ರವ ಕಾರ್ಬೊನೇಟಿಗಿಂತ ಭಾರ. ‘ಅದೆಲ್ಲ ಕಂಪನಿ ಗುಟ್ಟು’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿಯಿತು. ಸುರಕ್ಷತೆಯೇ ನಿಮ್ಮ ಚಿಂತೆಯಾದರೆ, ಅದೇ ಹಣದಲ್ಲಿ ಒಳ್ಳೆಯ ಎಲ್‌ಎಫ್‌ಪಿ ಸೆಲ್, ಸೆಲ್‌ಗಳ ನಡುವೆ ಸರಿಯಾದ ತಡೆ, ನಂಬಿಕೆಯ ಬಿಎಂಎಸ್ (ಪ್ಯಾಕನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಹಾಕುವುದು ಇವತ್ತಿನ ಮಟ್ಟಿಗೆ ಹೆಚ್ಚು ಫಲ ಕೊಡುತ್ತದೆ.

ಸೋರಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಒಳ್ಳೆಯದು, ಅದನ್ನು ಕೇಳುವವರು ಕಡಿಮೆ. ಆವಿ ಬರುವುದಿಲ್ಲ, ವಾಸನೆಯೂ ಹೆಚ್ಚು ಇರುವುದಿಲ್ಲ, ಹಾಗಾಗಿ ಇದು ಸೌಮ್ಯ ಅನ್ನಿಸುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಇಮಿಡಜೋಲಿಯಮ್ ಜಾತಿಯ ಹಲವು ದ್ರವಗಳು, ಮುಖ್ಯವಾಗಿ ಉದ್ದ ಇಂಗಾಲದ ಸರಪಳಿ ಇರುವವು, ಜಲಚರಗಳಿಗೆ ವಿಷ. ಟಿಎಫ್‌ಎಸ್‌ಐ ಸುಲಭವಾಗಿ ನಾಶವಾಗದ ಫ್ಲೋರಿನ್ ಸಂಯುಕ್ತಗಳ ಸಾಲಿಗೆ ಸೇರುತ್ತದೆ. ಅಂಥವನ್ನು ಒಟ್ಟಾಗಿ ನಿರ್ಬಂಧಿಸುವ ಪ್ರಸ್ತಾವ 2023ರಲ್ಲಿ ಯುರೋಪಿನಲ್ಲಿ ಬಂದಿದೆ. ಎಫ್‌ಎಸ್‌ಐಯಲ್ಲಿ ಇಂಗಾಲಕ್ಕೆ ಅಂಟಿದ ಫ್ಲೋರಿನ್ ಇಲ್ಲದ್ದರಿಂದ ಅದು ಆ ಗುಂಪಿಗೆ ಬರುವುದಿಲ್ಲ. ಯಾವುದೇ ಆಗಿರಲಿ, ನೀರು ಹೊಯ್ದು ಮೋರಿಗೆ ಬಿಡಬಾರದು. ಸೆಲ್ ಬಿಸಿಯಾಗಿಲ್ಲದಿದ್ದರೆ ಮೊದಲು ಅದನ್ನು ಉಳಿದವುಗಳಿಂದ ದೂರ, ಬಯಲಿಗೆ ಸಾಗಿಸಿ. ಅದು ಬಿಸಿಯಾಗಿ ಹೊಗೆಯಾಡುತ್ತಿದ್ದರೆ ಹತ್ತಿರ ಹೋಗದೆ ಎಲ್ಲರನ್ನೂ ಹೊರಗೆ ಕಳಿಸಿ, ಏಕೆಂದರೆ ವಿಪರೀತ ಕಾದು ಒಡೆದಾಗ ಇದೇ ದ್ರವ ಗಂಧಕದ ಡೈಆಕ್ಸೈಡ್, ಹೈಡ್ರೋಜನ್ ಫ್ಲೋರೈಡ್‌ನಂಥ ಅನಿಲ ಬಿಡಬಹುದು. ತಣ್ಣಗೆ ಸೋರಿದ್ದರೆ ನೈಟ್ರೈಲ್ ಗ್ಲೌಸ್ ಹಾಕಿ, ಒಣ ಮರಳಿನಲ್ಲಿ ಹೀರಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ ಹೆಸರು ಬರೆದಿಡಿ. ಸೆಲ್ಲನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದಡಿ ನೋಂದಾಯಿತ ಮರುಬಳಕೆದಾರರಿಗೆ ಕೊಡುವಾಗ ಒಳಗಿರುವುದು ಮಾಮೂಲಿ ಎಲೆಕ್ಟ್ರೊಲೈಟ್ ಅಲ್ಲ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರು ಎಲ್ಲವನ್ನೂ ಒಂದೇ ಕಡೆ ಹಾಕಿ ಪುಡಿ ಮಾಡುತ್ತಾರೆ. ಡಬ್ಬದಲ್ಲಿರುವ ಮರಳನ್ನು ಅವರು ಒಪ್ಪದಿದ್ದರೆ ಅಪಾಯಕಾರಿ ತ್ಯಾಜ್ಯ ಸಾಗಿಸಲು ಪರವಾನಗಿ ಇರುವವರಿಗೆ ಕೊಡಿ.